ಯೂನಿಟ್‌ಗೆ ಎಷ್ಟು ಇಂಗಾಲ? ಲೆಕ್ಕ ಬಿಡಿಸಿ ಬರೆಯಿರಿ

ಮಾನ್ಯ ಸಂಪಾದಕರೇ,

ಸೌರ ವಿದ್ಯುತ್ತಿನ ಸುದ್ದಿ ಬಂದಾಗಲೆಲ್ಲ 'ಇಷ್ಟು ಟನ್ ಇಂಗಾಲ ಉಳಿಯಿತು', ಅಂದರೆ ಗಾಳಿಗೆ ಸೇರುವುದು ತಪ್ಪಿತು, ಎಂಬ ಸಾಲು ಇದ್ದೇ ಇರುತ್ತದೆ. ಆ ಅಂಕಿ ಎಲ್ಲಿಂದ ಬಂತು ಅಂತ ಮಾತ್ರ ಬರೆದಿರುವುದಿಲ್ಲ. ಕಲ್ಲಿದ್ದಲು ಸ್ಥಾವರದ ಲ್ಯಾಬಿನಲ್ಲಿ ಕೆಮಿಸ್ಟ್ ಆಗಿ ಇದೇ ಲೆಕ್ಕ ಮಾಡಿದವಳು ನಾನು. ಅದಕ್ಕೇ ಈ ಪತ್ರ.

ನಮ್ಮ ಲೆಕ್ಕ ಒಂದು ಗ್ರಾಂ ಕಲ್ಲಿದ್ದಲಿನಿಂದ ಶುರುವಾಗುತ್ತಿತ್ತು. ನುಣ್ಣಗೆ ಪುಡಿ ಮಾಡಿ ದಪ್ಪ ಉಕ್ಕಿನ ಡಬ್ಬಿಯೊಳಗೆ ಇಡಬೇಕು. ಆಕ್ಸಿಜನ್ ತುಂಬಿ, ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ತಂತಿಗೆ ಕರೆಂಟ್ ಕೊಟ್ಟು ಹೊತ್ತಿಸಬೇಕು. ಹೆಸರು ಬಾಂಬ್ ಕ್ಯಾಲೊರಿಮೀಟರ್. ನೀರು ಎರಡು ಮೂರು ಡಿಗ್ರಿ ಬಿಸಿಯಾಗುತ್ತದೆ, ಅಷ್ಟೇ. ಒಂದು ಗ್ರಾಂ ಕಲ್ಲಿದ್ದಲಿನಲ್ಲಿ ಎಷ್ಟು ಶಾಖ ಇದೆ ಅಂತ ಅದರಿಂದಲೇ ಗೊತ್ತಾಗುವುದು. ಇಡೀ ಸ್ಥಾವರದ ಲೆಕ್ಕ ನಿಂತಿರುವುದು ಆ ಎರಡು ಮೂರು ಡಿಗ್ರಿಯ ಮೇಲೆ.

ಒಂದು ತಿಂಗಳ ವರದಿ ಪೂರಾ ತಪ್ಪಾಗಿತ್ತು. ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಮೇಲೆ ತೂಗಿದ್ದು ಒದ್ದೆ ಕಲ್ಲಿದ್ದಲು, ಲ್ಯಾಬಿನಲ್ಲಿ ಸುಟ್ಟಿದ್ದು ಆರಿದ ಪುಡಿ. ತೇವಾಂಶ ಕಳೆಯದೆ ಆ ತೂಕವನ್ನು ಈ ಪುಡಿಯ ಶಾಖದಿಂದ ಗುಣಿಸಿಬಿಟ್ಟಿದ್ದರು. ನಿಜಕ್ಕೂ ಉರಿದಿದ್ದಕ್ಕಿಂತ ಜಾಸ್ತಿ ಶಾಖ, ಜಾಸ್ತಿ ಇಂಗಾಲ ಕಾಗದದಲ್ಲಿ ಬಂದು ಕೂತಿತ್ತು. ಹಳೆ ಹಾಳೆಗಳನ್ನೆಲ್ಲ ತೆಗೆದು ನೋಡಿದ ಮೇಲೆ ಅದು ಗೊತ್ತಾಯಿತು. ಅಂದಿನಿಂದ ಯಾವ ಅಂಕಿ ಕಂಡರೂ ಯಾವುದನ್ನು ಯಾವುದರಿಂದ ಗುಣಿಸಿದ್ದಾರೆ ಅಂತ ಮೊದಲು ಕೇಳುತ್ತೇನೆ.

ಲೆಕ್ಕ ಕಷ್ಟದ್ದೇನಲ್ಲ. ಒಂದು ಯೂನಿಟ್ ಅಂದರೆ 3.6 ಮೆಗಾಜೌಲ್. ಸ್ಥಾವರದ ದಕ್ಷತೆ, ಅಂದರೆ ಶಾಖದಲ್ಲಿ ವಿದ್ಯುತ್ ಆಗುವ ಪಾಲು, ಶೇ 35 ಇದ್ದರೆ, ಅಷ್ಟು ವಿದ್ಯುತ್ತಿಗೆ ಸುಮಾರು 10.3 ಮೆಗಾಜೌಲ್ ಶಾಖ ಬೇಕು. ಕಲ್ಲಿದ್ದಲು ಉರಿದರೆ ಪ್ರತಿ ಮೆಗಾಜೌಲ್‌ಗೆ 95 ಗ್ರಾಂನಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ. ಅಲ್ಲಿಗೆ ಯೂನಿಟ್‌ಗೆ ಹತ್ತಿರ ಹತ್ತಿರ 980 ಗ್ರಾಂ. ದಕ್ಷತೆ ಶೇ 45 ಆದರೆ ಅದೇ ಕಲ್ಲಿದ್ದಲಿನಲ್ಲಿ 760 ಗ್ರಾಂ. ಇನ್ನೊಂದು ಮಾತು: 12 ಕೆಜಿ ಇಂಗಾಲ ಪೂರ್ತಿ ಉರಿದರೆ 44 ಕೆಜಿ ಡೈಆಕ್ಸೈಡ್ ಆಗುತ್ತದೆ. ಸುದ್ದಿಗಳಲ್ಲಿ ಎರಡಕ್ಕೂ ಸುಮ್ನೆ 'ಇಂಗಾಲ' ಅಂತ ಬರೆಯುತ್ತಾರೆ. ಮೂರೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ಅದು!

ಸೌರ ಫಲಕಕ್ಕೆ ಚಿಮಣಿ ಇಲ್ಲ, ನಿಜ. ಆದರೆ ಅದನ್ನು ತಯಾರಿಸುವಾಗ ಇಂಧನ ಉರಿದಿರುತ್ತದೆ. ತಯಾರಿಕೆಯಿಂದ ಹಿಡಿದು ಎಲ್ಲ ಸೇರಿಸಿ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2014ರ ವರದಿ ಕೊಟ್ಟ ಮಧ್ಯಮ ಅಂಕಿ, ದೊಡ್ಡ ಸೌರ ಸ್ಥಾವರಗಳಿಗೆ ಯೂನಿಟ್‌ಗೆ 48 ಗ್ರಾಂ, ನೆಲದ ಮೇಲಿನ ಗಾಳಿಯಂತ್ರಕ್ಕೆ 11, ಕಲ್ಲಿದ್ದಲಿಗೆ 820. ಸೌರ ವಿದ್ಯುತ್ ಎಷ್ಟೋ ಪಾಲು ವಾಸಿ, ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ 'ಉಳಿಯಿತು' ಅನ್ನಬೇಕಾದರೆ ಆ ಹೊತ್ತಿನಲ್ಲಿ ಯಾವ ಸ್ಥಾವರ ಉತ್ಪಾದನೆ ತಗ್ಗಿಸಿತು ಅನ್ನೋದು ಗೊತ್ತಿರಬೇಕು ಅಲ್ವಾ? ತಗ್ಗಿಸಿದ್ದು ಅನಿಲ ಸ್ಥಾವರವಾದರೆ ಉಳಿಯುವುದು ಕಲ್ಲಿದ್ದಲಿನ ಅರ್ಧದಷ್ಟೇ ಇರಬಹುದು.

ವೆಚ್ಚದ್ದೂ ಇದೇ ಕಥೆ. ಸೌರ, ಜಲ, ಅಣು ವಿದ್ಯುತ್ತಿಗೆ ದುಡ್ಡು ಮೊದಲೇ ಸುರಿಯಬೇಕು. ಅಲ್ಲಿ ಬಡ್ಡಿ ಸ್ವಲ್ಪ ಜಾಸ್ತಿ ಹಿಡಿದರೂ ಯೂನಿಟ್ ವೆಚ್ಚ ಏರಿಬಿಡುತ್ತದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಇಂಥ ಸುದ್ದಿಯ ಕೊನೆಗೆ ಎರಡು ಸಾಲು ಸೇರಿಸಿ: ಯಾವ ಸ್ಥಾವರಕ್ಕೆ ಹೋಲಿಸಿದ್ದು, ತಯಾರಿಕೆಯ ಹೊಗೆ ಸೇರಿದೆಯೋ ಇಲ್ಲವೋ, ಬಡ್ಡಿ ಎಷ್ಟು ಹಿಡಿದಿದ್ದು. ಇದನ್ನು ಕೊಡಲು ಒಪ್ಪದವರ ಅಂಕಿಯನ್ನು ದಯವಿಟ್ಟು ತಲೆಬರಹಕ್ಕೆ ಹಾಕಬೇಡಿ.

– ನಿವೃತ್ತ ಕೆಮಿಸ್ಟ್, ಉಷ್ಣ ವಿದ್ಯುತ್ ಸ್ಥಾವರ