ಚಿಕ್ಕಪ್ಪನವರ ಚಿಕಿತ್ಸೆಯ ವಿಚಾರವಾಗಿ

ತೀರ್ಥರೂಪ ಅಪ್ಪಾಜಿಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ಚಿಕ್ಕಪ್ಪನವರ ವರದಿಗಳನ್ನೆಲ್ಲ ಓದಿದೆ. ಯಕೃತ್ತಿನ ಕ್ಯಾನ್ಸರ್ ಗಡ್ಡೆಗಳು ಒಂದಕ್ಕಿಂತ ಹೆಚ್ಚಿರುವುದರಿಂದ ಶಸ್ತ್ರಚಿಕಿತ್ಸೆ ಬೇಡವೆಂದು ವೈದ್ಯರು ಹೇಳಿದ್ದನ್ನು ಕೈಬಿಟ್ಟರೆಂಬ ಅರ್ಥದಲ್ಲಿ ತಾವು ತೆಗೆದುಕೊಳ್ಳಬಾರದು. ಅವರು ಸೂಚಿಸಿರುವ ಟೇಸ್ (TACE), ಅಂದರೆ ಗಡ್ಡೆಗೆ ರಕ್ತ ಒಯ್ಯುವ ನಾಳದಲ್ಲೇ ಕ್ಯಾನ್ಸರ್ ಔಷಧ ಬಿಟ್ಟು ಆ ನಾಳವನ್ನು ಮುಚ್ಚುವುದು, ಇಂಥ ಹಂತಕ್ಕೆಂದೇ ಇರುವ ಚಿಕಿತ್ಸೆ.

ಯಕೃತ್ತಿಗೆ ರಕ್ತ ಎರಡು ದಾರಿಯಿಂದ ಬರುತ್ತದೆ. ಸುಮಾರು ಮುಕ್ಕಾಲು ಪಾಲನ್ನು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಅಭಿಧಮನಿಯೂ ಉಳಿದುದನ್ನು ಅಪಧಮನಿಯೂ ಒದಗಿಸುತ್ತವೆ. ಆದರೆ ಅಲ್ಲಿಯೇ ಹುಟ್ಟಿದ ಕ್ಯಾನ್ಸರ್ ಗಡ್ಡೆ ಬಹುಮಟ್ಟಿಗೆ ಅಪಧಮನಿಯ ರಕ್ತದಿಂದಲೇ ಬೆಳೆಯುತ್ತದೆ. ಆದ್ದರಿಂದ ತೊಡೆಸಂದಿನ ಅಥವಾ ಮಣಿಕಟ್ಟಿನ ರಕ್ತನಾಳದ ಮೂಲಕ ಕ್ಯಾತಿಟರ್ ಎಂಬ ಸಣ್ಣ ಕೊಳವೆಯನ್ನು ಗಡ್ಡೆಯ ಕವಲಿನವರೆಗೂ ಒಯ್ದು, ಔಷಧವನ್ನು ಅಲ್ಲಿಯೇ ಬಿಟ್ಟು, ಬಳಿಕ ಆ ಕವಲನ್ನು ಮುಚ್ಚಿದರೆ, ಗಡ್ಡೆ ಸೊರಗುತ್ತದೆ, ಉಳಿದ ಯಕೃತ್ತು ಹೆಚ್ಚಾಗಿ ಉಳಿದುಕೊಳ್ಳುತ್ತದೆ.

ಆಯುಷ್ಯದ ವಿಚಾರ ಕೇಳಿದ್ದೀರಿ. 2002ರಲ್ಲಿ ಬಾರ್ಸಿಲೋನಾ ಮತ್ತು ಹಾಂಗ್‌ಕಾಂಗ್‌ಗಳಿಂದ ಪ್ರಕಟವಾದ ಎರಡು ಅಧ್ಯಯನಗಳೇ ಈ ಚಿಕಿತ್ಸೆಗೆ ಆಧಾರ. ಬಾರ್ಸಿಲೋನಾದಲ್ಲಿ ಎರಡು ವರ್ಷಗಳ ನಂತರ ಬದುಕಿದ್ದವರು ಟೇಸ್ ಪಡೆದವರಲ್ಲಿ ಶೇ. 63, ಪಡೆಯದವರಲ್ಲಿ ಶೇ. 27, ಹಾಂಗ್‌ಕಾಂಗ್‌ನಲ್ಲಿ ಶೇ. 31 ಮತ್ತು ಶೇ. 11. ಎರಡೂ ಕಡೆ ಲಾಭ ಕಂಡರೂ ಅಂಕಿಗಳು ಇಷ್ಟು ದೂರವಿರುವುದಕ್ಕೆ, ಹಾಂಗ್‌ಕಾಂಗ್‌ನ ರೋಗಿಗಳಲ್ಲಿ ಕಾಯಿಲೆ ಹೆಚ್ಚು ಮುಂದುವರಿದವರೂ ಇದ್ದುದು ಒಂದು ಕಾರಣ. ಹೀಗಾಗಿ ನನ್ನ ಮಟ್ಟಿಗೆ ಗಡ್ಡೆಯ ಅಳತೆಯಷ್ಟೇ ಮುಖ್ಯವಾದದ್ದು ಉಳಿದ ಯಕೃತ್ತಿನ ಶಕ್ತಿ. ಕಾಮಾಲೆ ಏರುತ್ತಿದ್ದರೆ, ಹೊಟ್ಟೆಯಲ್ಲಿ ನೀರು ತುಂಬಿಕೊಳ್ಳುತ್ತಿದ್ದರೆ, ಇದೇ ಚಿಕಿತ್ಸೆ ಯಕೃತ್ತನ್ನು ಇನ್ನಷ್ಟು ಕುಗ್ಗಿಸಬಲ್ಲದು. ಚಿಕ್ಕಪ್ಪನವರ ವರದಿಯಲ್ಲಿ ಈ ಶಕ್ತಿಯನ್ನು ತೋರಿಸುವ ರಕ್ತದ ಅಂಶಗಳಾದ ಬಿಲಿರುಬಿನ್, ಅಲ್ಬುಮಿನ್ ಎರಡೂ ಸಮಾಧಾನಕರವಾಗಿವೆ.

ಯಿಟ್ರಿಯಮ್-90 ಎಂಬ ವಿಕಿರಣದ ಕಣಗಳನ್ನು ಇದೇ ದಾರಿಯಲ್ಲಿ ಬಿಡುವ ಪದ್ಧತಿಯ ಬಗ್ಗೆ ತಮ್ಮ ಸೋಮಣ್ಣ ಫೋನಿನಲ್ಲಿ ಬಹಳ ಉತ್ಸಾಹದಿಂದ ಹೇಳಿದ. ಅದು ಒಳ್ಳೆಯ ಆಯ್ಕೆಯೇ, ಆದರೆ ಕಾಯಿಲೆ ಮುಂದುವರಿದವರಲ್ಲಿ ಸೊರಾಫೆನಿಬ್ ಎಂಬ ಕ್ಯಾನ್ಸರ್ ಮಾತ್ರೆಯೊಂದಿಗೆ ಹೋಲಿಸಿದ ದೊಡ್ಡ ಅಧ್ಯಯನಗಳಲ್ಲಿ ಆಯುಷ್ಯ ಹೆಚ್ಚಿದ್ದು ಕಾಣಲಿಲ್ಲ. ಹೊಸದೆಂಬ ಕಾರಣಕ್ಕೇ ಅದನ್ನು ಹಟ ಹಿಡಿದು ಕೇಳುವುದು ಬೇಡ.

ಟೇಸ್ ಆದ ಮೇಲೆ ಕೆಲವು ದಿನ ಜ್ವರ, ಹೊಟ್ಟೆನೋವು, ವಾಕರಿಕೆ ಬರುವುದು ಸಾಮಾನ್ಯ. ಚಿಕ್ಕಮ್ಮನವರಿಗೆ ಮುಂಚೆಯೇ ತಿಳಿಸಿ, ಇಲ್ಲದಿದ್ದರೆ ಗಾಬರಿಯಾಗುತ್ತಾರೆ. ಜ್ವರ ಇಳಿಯದೆ ಚಳಿನಡುಕ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೆಲವು ವಾರಗಳ ನಂತರ ತೆಗೆಯುವ ಸ್ಕ್ಯಾನ್‌ನಲ್ಲಿ ಗಡ್ಡೆಯ ಯಾವ ಭಾಗ ಇನ್ನೂ ಜೀವಂತವಾಗಿದೆ ಎಂಬುದು ತಿಳಿಯುತ್ತದೆ, ಮತ್ತೊಮ್ಮೆ ಮಾಡಬೇಕೇ ಎಂಬ ತೀರ್ಮಾನ ಅದರ ಮೇಲೆ ನಿಂತಿದೆ. ಪೋರ್ಟಲ್ ಅಭಿಧಮನಿಯಲ್ಲಿ ತಡೆಯೇನಾದರೂ ಇದೆಯೇ ಎಂದು ವೈದ್ಯರನ್ನು ಕೇಳಿ ನನಗೆ ಬರೆಯಿರಿ. ತಾವು ಕಳಿಸಿದ ಹಾಳೆಗಳಲ್ಲಿ ಅದರ ಉಲ್ಲೇಖವಿಲ್ಲ.

ಇಂತಿ ನಿಮ್ಮ ಮಗಳು