ಮಗು ಉಳಿದದ್ದು ಪವಾಡದಿಂದಲ್ಲ

ಮಾನ್ಯ ಸಂಪಾದಕರೇ,

ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ಬಡಿತ ನಿಂತು, ಕೆಲವು ನಿಮಿಷಗಳ ನಂತರ ಮತ್ತೆ ಜೀವ ಹಿಡಿದ ಮಗುವೊಂದರ ಸುದ್ದಿ ಈಚೆಗೆ ತಮ್ಮ ಪತ್ರಿಕೆಯಲ್ಲಿ ಬಂದಿತ್ತು. ಓದಿ ಸಂತೋಷವಾಯಿತು. ಆದರೆ ಶೀರ್ಷಿಕೆಯಲ್ಲಿದ್ದ ‘ಪವಾಡ’ ಮತ್ತು ವರದಿಯೊಳಗಿದ್ದ ‘ಹೃದಯಾಘಾತ’ ಎಂಬ ಎರಡು ಪದಗಳ ಬಗ್ಗೆ, ಮಕ್ಕಳ ತೀವ್ರ ನಿಗಾ ಘಟಕದಲ್ಲಿ ಹಲವು ವರ್ಷ ಶುಶ್ರೂಷಕಿಯಾಗಿ ದುಡಿದ ನನಗೆ ತಕರಾರಿದೆ.

ಹೃದಯಾಘಾತವೆಂದರೆ ರಕ್ತನಾಳ ಕಟ್ಟಿಕೊಂಡು ಹೃದಯದ ಸ್ನಾಯುವಿಗೆ ಪೆಟ್ಟು ಬೀಳುವುದು. ಅದು ಬಹುತೇಕ ದೊಡ್ಡವರ ಕಾಯಿಲೆ. ಮಕ್ಕಳಲ್ಲಿ ನಾವು ಕಾಣುವುದು ಹೃದಯ ಸ್ತಂಭನವನ್ನು, ಅಂದರೆ ಹೃದಯದ ಬಡಿತವೇ ನಿಂತುಹೋಗುವುದನ್ನು. ಹುಟ್ಟಿನಿಂದಲೇ ಹೃದಯದೋಷವಿರುವ ಮಕ್ಕಳ ಮಾತು ಬೇರೆ. ಉಳಿದ ಹೆಚ್ಚಿನ ಮಕ್ಕಳಲ್ಲಿ ಮೊದಲು ಸೋಲುವುದು ಹೃದಯವಲ್ಲ, ಉಸಿರು, ಇಲ್ಲವೇ ಸೋಂಕು, ವಾಂತಿಭೇದಿ, ರಕ್ತಸ್ರಾವಗಳಿಂದ ಕುಗ್ಗಿದ ರಕ್ತಪರಿಚಲನೆ. ಆಮ್ಲಜನಕ ಸಿಗದೆ ಬಳಲಿದ ಹೃದಯ ಕೊನೆಗೆ ನಿಲ್ಲುತ್ತದೆ. ಸಿನಿಮಾಗಳಲ್ಲಿ ತೋರಿಸುವಂತೆ ವಿದ್ಯುತ್ ಆಘಾತ ಕೊಡಬೇಕಾದಂಥ ಹೃದಯದ ಲಯ ಮೊದಲಿಗೇ ಕಾಣಿಸುವುದು ಹತ್ತು ಮಕ್ಕಳಲ್ಲಿ ಸುಮಾರು ಒಬ್ಬರಲ್ಲಿ ಮಾತ್ರ.

ಈ ವ್ಯತ್ಯಾಸ ಬರಿಯ ಪದದ್ದಲ್ಲ. ಉಸಿರು ಸೋಲುವುದು ಹಂತಹಂತವಾಗಿ, ಎಷ್ಟೋ ಸಲ ಗಂಟೆಗಳ ಕಾಲ, ನಮ್ಮ ಕಣ್ಣೆದುರೇ ನಡೆಯುತ್ತದೆ. ಮೂಗಿನ ಹೊಳ್ಳೆ ಅರಳುತ್ತದೆ, ಪಕ್ಕೆಲುಬುಗಳ ನಡುವಿನ ಚರ್ಮ ಒಳಕ್ಕೆ ಸೆಳೆಯುತ್ತದೆ, ಉಸಿರು ಬಿಡುವಾಗ ಮಗು ನರಳುತ್ತದೆ. ಇಷ್ಟೆಲ್ಲ ಆದ ಮೇಲೆ ಉಸಿರಾಟ ನಿಧಾನವಾಗಿ ಮಗು ಸುಮ್ಮನಾದರೆ, ಹೊಸಬರು ‘ಸದ್ಯ, ಮಲಗಿತು’ ಎಂದುಕೊಳ್ಳುತ್ತಾರೆ. ಅನುಭವಸ್ಥರು ಕೈಯಿಂದ ಒತ್ತಿ ಉಸಿರು ಕೊಡುವ ಚೀಲವನ್ನು (ಅಂಬು ಬ್ಯಾಗ್) ಕೈಗೆತ್ತಿಕೊಳ್ಳುತ್ತಾರೆ. ಆ ನಿದ್ದೆ ನಿದ್ದೆಯಲ್ಲ, ಆಯಾಸ. ಮಾನಿಟರಿನಲ್ಲಿ 140 ಇದ್ದ ಬಡಿತ 100ಕ್ಕೆ, ಅಲ್ಲಿಂದ 80ಕ್ಕೆ ಇಳಿಯುವಾಗ ಮುಖಕ್ಕೆ ಮಾಸ್ಕ್ ಸರಿಯಾಗಿ ಕೂರಿಸಿ, ಎದೆ ಏಳುವಂತೆ ಉಸಿರು ಕೊಟ್ಟರೆ ಎಷ್ಟೋ ಮಕ್ಕಳು ಅಲ್ಲಿಂದಲೇ ಹಿಂತಿರುಗುತ್ತಾರೆ. ಉಸಿರು ಕೊಟ್ಟರೂ ಬಡಿತ 60ಕ್ಕಿಂತ ಕೆಳಗಿದ್ದು, ಕೈಕಾಲು ತಣ್ಣಗಾಗಿ ಬಣ್ಣಗೆಟ್ಟಿದ್ದರೆ, ನಾಡಿ ಪೂರ್ತಿ ನಿಲ್ಲುವವರೆಗೆ ಕಾಯದೆ ಎದೆ ಒತ್ತಲು ಆರಂಭಿಸಬೇಕು. ಹೀಗೆ ಮರಳಿದ ಮಕ್ಕಳ ಸುದ್ದಿ ಯಾವ ಪತ್ರಿಕೆಯಲ್ಲೂ ಬರುವುದಿಲ್ಲ, ಏಕೆಂದರೆ ಅಲ್ಲಿ ಹೃದಯ ನಿಂತೇ ಇರಲಿಲ್ಲ.

ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ತಾಯಿ ಬಂದು, ‘ಸಿಸ್ಟರ್, ಮಗು ಯಾಕೋ ನನ್ನ ಮುಖ ನೋಡ್ತಾ ಇಲ್ಲ’ ಎಂದರು. ನಾನು ಮಾನಿಟರ್ ನೋಡಿದೆ, ಸ್ಯಾಚುರೇಶನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇ 94 ಇತ್ತು. ‘ಏನಿಲ್ಲಮ್ಮ, ಗಾಬರಿ ಪಡಬೇಡಿ’ ಎಂದು ಪಕ್ಕದ ಹಾಸಿಗೆಗೆ ಹೋದೆ. ಅರ್ಧ ಗಂಟೆಯೊಳಗೆ ಅದೇ ಮಗುವಿನ ಎದೆ ಒತ್ತುತ್ತಿದ್ದೆ. ಮಗು ಉಳಿಯಿತು. ಆ ತಾಯಿ ಕಂಡದ್ದು ಯಂತ್ರಕ್ಕೆ ಇನ್ನೂ ಕಂಡಿರಲಿಲ್ಲ ಎಂಬುದನ್ನು ಮಾತ್ರ ನಾನು ಮರೆತಿಲ್ಲ.

ಇನ್ನು ‘ಪವಾಡ’ದ ವಿಷಯ. ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳ ದಾಖಲೆಗಳನ್ನು ಆಧರಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಸ್ಪತ್ರೆಯೊಳಗೆ ಹೃದಯ ಸ್ತಂಭನವಾದ ಮಕ್ಕಳ ಪೈಕಿ ಶೇ 27ರಷ್ಟು ಮಂದಿ ಬದುಕಿ ಮನೆಗೆ ಹೋಗಿದ್ದರು. ವಯಸ್ಕರಲ್ಲಿ ಈ ಪ್ರಮಾಣ ಶೇ 18 ಇತ್ತು. ಅಮೆರಿಕದ ಆಸ್ಪತ್ರೆಗಳಲ್ಲಿ ನಾಡಿ ನಿಂತ ಮಕ್ಕಳು ಬದುಕುಳಿಯುವ ಪ್ರಮಾಣ 2000ದಲ್ಲಿ ಸುಮಾರು ಶೇ 19 ಇದ್ದದ್ದು 2018ರ ಹೊತ್ತಿಗೆ ಶೇ 38ರ ಆಸುಪಾಸಿಗೆ ಬಂದಿದೆ. ಪವಾಡಗಳು ಹೀಗೆ ಏರುವುದಿಲ್ಲ. ಇದಕ್ಕೆ ಯಾವ ಹೊಸ ಸಂಜೀವಿನಿಯೂ ಕಾರಣವಲ್ಲ. ನಿಂತ ಹೃದಯ ಮತ್ತೆ ಬಡಿಯಲೆಂದು ಕೊಡುವ ಅಡ್ರಿನಲಿನ್ ಹಳೆಯ ಔಷಧ, ಎದೆ ಒತ್ತುವ ಕ್ರಮವನ್ನು ವಿವರಿಸಿದ ಪ್ರಸಿದ್ಧ ಲೇಖನ ಬಂದದ್ದು 1960ರಲ್ಲಿ. ಲೆಕ್ಕಕ್ಕೆ ಬರುವುದು ನಿಮಿಷ. 2015ರ ಅಧ್ಯಯನವೊಂದರಲ್ಲಿ ಅಡ್ರಿನಲಿನ್ ಐದು ನಿಮಿಷದೊಳಗೆ ಸಿಕ್ಕ ಮಕ್ಕಳಲ್ಲಿ ಶೇ 33ರಷ್ಟು ಮಂದಿ ಉಳಿದರೆ, ಅದಕ್ಕಿಂತ ತಡವಾದವರಲ್ಲಿ ಉಳಿದದ್ದು ಶೇ 21ರಷ್ಟು. ಮಕ್ಕಳಿಗೆ ಔಷಧವನ್ನು ತೂಕ ನೋಡಿ ಕೊಡಬೇಕು: ಒಂದು ಮಿಲಿಗ್ರಾಂ ಅಡ್ರಿನಲಿನ್ ಅನ್ನು ಹತ್ತು ಮಿಲಿಲೀಟರ್ ಆಗುವಂತೆ ತೆಳುಮಾಡಿಕೊಂಡು, ಕಿಲೋಗೆ 0.1 ಮಿಲಿಲೀಟರಿನಂತೆ. ಹಾಸಿಗೆಯ ತಲೆಭಾಗದಲ್ಲಿ ಮಗುವಿನ ತೂಕವನ್ನೂ ಆ ತೂಕದ ಡೋಸನ್ನೂ ಮೊದಲೇ ಬರೆದು ಅಂಟಿಸಿದ್ದರೆ ಲೆಕ್ಕ ಹಾಕುವ ಸಮಯ ಉಳಿಯುತ್ತದೆ. ಒಂದು ಚೀಟಿ, ಅಷ್ಟೇ.

ಮಾಡಿದ್ದೆಲ್ಲ ಫಲ ಕೊಟ್ಟಿದೆ ಎಂದೂ ನಾನು ಹೇಳುತ್ತಿಲ್ಲ. ಬಡಿತ ಮರಳಿದ ನಂತರ ಮಗುವಿನ ಮೈಯನ್ನು ತಣ್ಣಗಿಟ್ಟರೆ ಮಿದುಳು ಉಳಿಯಬಹುದೆಂಬ ನಿರೀಕ್ಷೆಯಿತ್ತು. ಜ್ವರ ಬಾರದಂತೆ ನೋಡಿಕೊಳ್ಳುವುದಕ್ಕಿಂತ ಅದರಿಂದ ಹೆಚ್ಚಿನ ಲಾಭವಿಲ್ಲವೆಂದು 2017ರ ಪ್ರಯೋಗ ತೋರಿಸಿತು. ಮಗುವಿನ ಉಸಿರು, ನಾಡಿ ಮುಂತಾದವಕ್ಕೆ ಅಂಕ ಕೊಟ್ಟು ಅಪಾಯವನ್ನು ಮೊದಲೇ ಗುರುತಿಸುವ ಪಟ್ಟಿಯೊಂದನ್ನು ಹಲವು ದೇಶಗಳ 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗಲೂ, 2018ರ ವರದಿಯ ಪ್ರಕಾರ, ಸಾವುಗಳು ಕಡಿಮೆಯಾಗಲಿಲ್ಲ. ಪಟ್ಟಿ ತುಂಬಿಸಿದ ಮಾತ್ರಕ್ಕೆ ಮಗುವನ್ನು ನೋಡಿದಂತಾಗುವುದಿಲ್ಲವೆಂದು ನನ್ನ ಅನಿಸಿಕೆ. ಇದನ್ನು ಒಪ್ಪದ ಸಹೋದ್ಯೋಗಿಗಳೂ ಇದ್ದಾರೆ. ಬದುಕಿ ಮನೆಗೆ ಹೋದ ಕೆಲವು ಮಕ್ಕಳಿಗೆ ನಡಿಗೆ, ಮಾತು, ಕಲಿಕೆಯಲ್ಲಿ ವರ್ಷಗಟ್ಟಲೆ ನೆರವು ಬೇಕಾಗುತ್ತದೆ. ಪತ್ರಿಕೆಯ ಸುದ್ದಿ ಮುಗಿಯುವ ಜಾಗದಿಂದ ಆ ಮನೆಯವರ ಕೆಲಸ ಶುರುವಾಗುತ್ತದೆ.

ಆದ್ದರಿಂದ ತಮ್ಮಲ್ಲಿ ಒಂದು ವಿನಂತಿ. ಇಂಥ ಸುದ್ದಿ ಮತ್ತೆ ಬಂದಾಗ, ಮಗುವಿನ ಬದಲಾವಣೆಯನ್ನು ಮೊದಲು ಗಮನಿಸಿದವರು ಯಾರು, ಅವರ ಮಾತಿಗೆ ಯಾರಾದರೂ ಕಿವಿಗೊಟ್ಟರೇ, ಕೃತಕ ಉಸಿರು ಎಷ್ಟನೆಯ ನಿಮಿಷಕ್ಕೆ ಸಿಕ್ಕಿತು, ಔಷಧ ಎಷ್ಟನೆಯ ನಿಮಿಷಕ್ಕೆ ಎಂದು ತಮ್ಮ ವರದಿಗಾರರು ಕೇಳಿ ಬರೆಯಲಿ. ಮೊನ್ನೆಯ ವರದಿಯಲ್ಲಿ ಮುಖ್ಯ ವೈದ್ಯರ ಭಾವಚಿತ್ರವಿತ್ತು, ಆಸ್ಪತ್ರೆಯ ಕಟ್ಟಡದ ಚಿತ್ರವೂ ಇತ್ತು. ಆ ರಾತ್ರಿ ಮಗುವಿನ ಹಾಸಿಗೆಯ ಬಳಿ ಮೊದಲು ಓಡಿ ಬಂದವರು ಯಾರೆಂಬುದು ಮಾತ್ರ ನನಗೆ ಎಲ್ಲಿಯೂ ಸಿಗಲಿಲ್ಲ.

ಇಂತಿ,
ಮಕ್ಕಳ ವಿಭಾಗದ ಹಿರಿಯ ಶುಶ್ರೂಷಕಿ