ಆ ಗೆರೆಗಳನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

2022ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ಟ್ಯಾರಂಟುಲಾ ನೆಬ್ಯುಲಾದ (ನಕ್ಷತ್ರಗಳು ಹುಟ್ಟುವ ಅನಿಲ, ದೂಳಿನ ಮೋಡ) ಫೋಟೊ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಇಟ್ಟುಕೊಂಡಿದ್ದೆ. ಬಲು ಚೆಂದದ ಚಿತ್ರ. ಆದರೆ ಅಲ್ಲಿನ ನಕ್ಷತ್ರಗಳ ತೂಕ, ಬಿಸಿ, ತಿರುಗುವ ವೇಗ ತಿಳಿದದ್ದು ಬಹುಪಾಲು, ಅವುಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಗೆರೆಗಳಿಂದ. ಆ ಗೆರೆಗಳ ಚಿತ್ರವನ್ನು ನಾನು ಯಾವ ಪತ್ರಿಕೆಯಲ್ಲೂ ಕಂಡಿಲ್ಲ. ಅದಕ್ಕೇ ಈ ಪತ್ರ.

ನಾನು ಹಾಸನದ ಕಡೆಯ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿನಲ್ಲಿ 29 ವರ್ಷ ಅಟೆಂಡರ್ ಆಗಿದ್ದವಳು. ಡಾರ್ಕ್ ರೂಮಿನ ಕಪ್ಪು ಪರದೆ ಎಳೆದು ಸೋಡಿಯಂ ದೀಪ ಹಚ್ಚುವುದು ನನ್ನ ಕೆಲಸ. ದೀಪ ಮೊದಲು ಕೆಂಪಗೆ ಉರಿದು, ಸ್ವಲ್ಪ ಹೊತ್ತಿಗೆ ಹಳದಿಗೆ ತಿರುಗುತ್ತಿತ್ತು. ಒಂದು ಸಂಜೆ ಹುಡುಗರೆಲ್ಲ ಹೋದ ಮೇಲೆ ನಮ್ಮ ಮೇಡಂ ನನ್ನನ್ನು ಬೆಳಕು ಬಿಡಿಸಿ ತೋರಿಸುವ ಸ್ಪೆಕ್ಟ್ರೋಮೀಟರಿನ ಮುಂದೆ ಕೂರಿಸಿದರು. ಒತ್ತೊತ್ತಾಗಿ ಎರಡು ಹಳದಿ ಗೆರೆ. "ಸೂರ್ಯನಲ್ಲೂ ಸೋಡಿಯಂ ಇದೆ ಅಂತ ಗೊತ್ತಾಗಿದ್ದು ಇವುಗಳಿಂದಲೇ ಕಣಮ್ಮ" ಎಂದರು. ಅವತ್ತು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ.

ಟ್ಯಾರಂಟುಲಾ ಇರುವುದು ನಮ್ಮ ಪಕ್ಕದ ಪುಟ್ಟ ಗ್ಯಾಲಕ್ಸಿಯಲ್ಲಿ, ಸುಮಾರು 1,60,000 ಜ್ಯೋತಿರ್ವರ್ಷ ದೂರ. ಅಲ್ಲಿನ 800ಕ್ಕೂ ಜಾಸ್ತಿ ಭಾರಿ ನಕ್ಷತ್ರಗಳ ಬೆಳಕನ್ನು ಚಿಲಿಯ ಪರನಾಲ್ ಬೆಟ್ಟದ ವಿಎಲ್‌ಟಿ ದೂರದರ್ಶಕದಿಂದ ಬಿಡಿಸಿ ನೋಡಿದ್ದಾರೆ. ಒಂದೊಂದು ನಕ್ಷತ್ರಕ್ಕೂ ಕೂದಲೆಳೆಯಂಥ ಒಂದೊಂದು ಗಾಜಿನ ಫೈಬರ್. ಒಮ್ಮೆ ನೋಡಿ ಸುಮ್ಮನಾಗಲಿಲ್ಲ. ಅವೇ ನಕ್ಷತ್ರಗಳನ್ನು ಮತ್ತೆ ಮತ್ತೆ ನೋಡಿದರು. ಜೊತೆಗಾರನ ಸುತ್ತ ಸುತ್ತುವ ನಕ್ಷತ್ರ ನಮ್ಮ ಕಡೆ ಬರುವಾಗ ಅದರ ಗೆರೆ ನೀಲಿಯತ್ತ, ಆಚೆ ಹೋಗುವಾಗ ಕೆಂಪಿನತ್ತ ಸರಿಯುತ್ತದೆ. ಅದನ್ನು ಹಿಡಿಯಬೇಕಾದರೆ ಕಾಯಲೇಬೇಕು, ಅಲ್ವಾ?

ಅವುಗಳಲ್ಲಿ ವಿಎಫ್‌ಟಿಎಸ್ 102 ಎಂಬ ನಕ್ಷತ್ರದ ಗೆರೆ ಅಗಲವಾಗಿ ಹರಡಿಕೊಂಡಿದೆ. ತಿರುಗುವ ನಕ್ಷತ್ರದ ಒಂದು ಬದಿ ನಮ್ಮ ಕಡೆ ಬರುತ್ತಾ, ಇನ್ನೊಂದು ಬದಿ ಆಚೆ ಹೋಗುತ್ತಾ ಇರುವುದರಿಂದ ಹೀಗೆ. ಅದು ಸೆಕೆಂಡಿಗೆ ಸುಮಾರು 600 ಕಿ.ಮೀ. ವೇಗದಲ್ಲಿ ತನ್ನ ಸುತ್ತ ತಿರುಗುತ್ತಿದೆ. ನಮ್ಮ ಸೂರ್ಯನದು ಬರೀ 2 ಕಿ.ಮೀ.

ನನಗೆ ಮೈ ಜುಮ್ಮೆನ್ನಿಸಿದ್ದು ಅಲ್ಲಿನದೇ ಇನ್ನೊಂದು, ವಿಎಫ್‌ಟಿಎಸ್ 243. ಸೂರ್ಯನ 25 ಪಟ್ಟು ತೂಕದ ನಕ್ಷತ್ರ. ಸುಮಾರು ಹತ್ತು ದಿನಕ್ಕೊಮ್ಮೆ ಅದರ ಗೆರೆ ಆಚೆ ಈಚೆ ಓಲಾಡಿ ಬರುತ್ತದೆ. ಜೊತೆಗಾರನ ಗೆರೆ ಹುಡುಕಿದರೆ ಇಲ್ಲವೇ ಇಲ್ಲ. ಲೆಕ್ಕ ಹಾಕಿದರೆ ಆ ಕಾಣದ ಜೊತೆಗಾರನ ತೂಕ ಕಡಿಮೆ ಅಂದರೂ ಒಂಬತ್ತು ಸೂರ್ಯರಷ್ಟು. ಅದು ಕಪ್ಪುಕುಳಿ, ಸದ್ದಿಲ್ಲದೆ ಕೂತಿದೆ. ಈ ಸುದ್ದಿ ಹೊರಬಿದ್ದದ್ದೂ ಆ ಫೋಟೊ ಬಂದ ವರ್ಷವೇ. ಎಷ್ಟು ಜನ ಓದಿದರು?

ನಮ್ಮ ಡಿಗ್ರಿ ಮಕ್ಕಳು ರೀಡಿಂಗ್ ತೆಗೆದು, ರೆಕಾರ್ಡಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ತಾವು ನೋಡಿದ ಗೆರೆಗೂ ಅಷ್ಟು ದೂರದ ನಕ್ಷತ್ರಕ್ಕೂ ನಂಟಿದೆ ಅಂತ ಅವರಿಗೆ ಹೇಳುವವರು ಕಡಿಮೆ. ದಯವಿಟ್ಟು ಮುಂದಿನ ಸಲ ನೆಬ್ಯುಲಾದ ಫೋಟೊ ಹಾಕುವಾಗ, ಅಲ್ಲಿನ ಒಂದು ನಕ್ಷತ್ರದ ಗೆರೆಗಳನ್ನೂ ಹಾಕಿ. ಬೇರೆ ಬೇರೆ ದಿನದ ಎರಡು ಪಟ್ಟಿ, ಒಂದರ ಕೆಳಗೆ ಒಂದು. ಬೆರಳಗಲ ಜಾಗ ಸಾಕು. ಗೆರೆ ಸರಿದಿರುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ.

— ನಿವೃತ್ತ ಲ್ಯಾಬ್ ಅಟೆಂಡರ್, ಹಾಸನ